ಹೆಸರಿಗೆ ಕಿರೀಟ, ಕೆಲಸಕ್ಕೆ ಎಣ್ಣೆ

ನಮಸ್ಕಾರ. ಇವತ್ತು ಒಂದೇ ಒಂದು ಇಂಗ್ಲಿಷ್ ಪದ ಹಿಡಿದು ಕೂತಿದ್ದೇನೆ. ಕಾರೊನೇಷನ್.

ಲ್ಯಾಟಿನ್‌ನಲ್ಲಿ ಕೊರೋನಾ ಅಂದರೆ ಕಿರೀಟ. ಹೌದು, ನಮ್ಮನ್ನೆಲ್ಲ ಮನೆಯೊಳಗೆ ಕೂಡಿಹಾಕಿದ ವೈರಸ್ಸಿಗೂ ಹೆಸರು ಬಂದಿದ್ದು ಅಲ್ಲಿಂದಲೇ. ಹಾಗಾಗಿ ಕಾರೊನೇಷನ್ ಅಂದರೆ ಕಿರೀಟ ತೊಡಿಸುವುದು. ಸುಮಾರು ಜನ ಇದನ್ನು ‘ರಾಜನಾಗುವುದು’ ಅಂದುಕೊಂಡಿದ್ದಾರೆ. ಅಲ್ಲೇ ಎಡವುವುದು.

ಬ್ರಿಟನ್ನಿನ ಮೂರನೇ ಚಾರ್ಲ್ಸ್ ರಾಜನಾಗಿದ್ದು 2022ರ ಸೆಪ್ಟೆಂಬರ್ 8ರಂದು, ತಾಯಿ ಎಲಿಜಬೆತ್ ತೀರಿಕೊಂಡ ಕ್ಷಣದಲ್ಲೇ. ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನೋ ಲಂಡನ್ನಿನ ಚರ್ಚಿನಲ್ಲಿ ಕಾರೊನೇಷನ್ ನಡೆದಿದ್ದು 2023ರ ಮೇ 6ಕ್ಕೆ. ಎಂಟನೇ ಎಡ್ವರ್ಡ್ ಕಥೆ ಇನ್ನೂ ಮಜಾ. 1936ರ ಜನವರಿಯಲ್ಲಿ ರಾಜನಾಗಿ, ಡಿಸೆಂಬರ್‌ನಲ್ಲಿ ಎಲ್ಲ ಬಿಟ್ಟು ಹೊರಟರು. ಕಾರೊನೇಷನ್ ಆಗಲೇ ಇಲ್ಲ. ಅವರಿಗೆಂದು ಗೊತ್ತು ಮಾಡಿದ್ದ ದಿನವೇ, 1937ರ ಮೇ 12ರಂದು, ತಮ್ಮ ಆರನೇ ಜಾರ್ಜ್ ಕಿರೀಟ ತೊಟ್ಟರು. ಮುಹೂರ್ತ ದಂಡವಾಗಲಿಲ್ಲ ನೋಡಿ!

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ಕೆಲವರು ‘ಕಿರೀಟಧಾರಣೆ’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟ ಹಾಗಿದೆ. ನನಗೆ ನಮ್ಮ ಹಳೆಯ ‘ಪಟ್ಟಾಭಿಷೇಕ’ವೇ ಇಷ್ಟ. ಪಟ್ಟ ಅಂದರೆ ಹಣೆಗೆ ಕಟ್ಟುವ ಪಟ್ಟಿ. ಅದಕ್ಕೇ ನಾವು ಪಟ್ಟ ‘ಕಟ್ಟುತ್ತೇವೆ’. ಅಭಿಷೇಕ ಗೊತ್ತೇ ಇದೆ, ಮೈಮೇಲೆ ಸುರಿಯುವುದು. ಅಂದರೆ ನಮ್ಮ ಪದದಲ್ಲಿ ಕಿರೀಟವೇ ಇಲ್ಲ! ಮತ್ತೆ ಲಂಡನ್ನಿಗೆ ಅದು ಒಪ್ಪುತ್ತಾ?

ಒಪ್ಪುತ್ತದೆ. ಅಲ್ಲೂ ಎಲ್ಲಕ್ಕಿಂತ ಪವಿತ್ರ ಅನ್ನಿಸಿಕೊಂಡಿರುವುದು ಎಣ್ಣೆ. ಆರ್ಚ್‌ಬಿಷಪ್ ರಾಜನ ಕೈ, ಎದೆ, ತಲೆಗೆ ಎಣ್ಣೆ ಹಚ್ಚುತ್ತಾರೆ. 1953ರಲ್ಲಿ ಎಲಿಜಬೆತ್ ಕಾರೊನೇಷನ್ ಟಿವಿಯಲ್ಲಿ ಬಂತು, ಎಣ್ಣೆ ಹಚ್ಚುವುದನ್ನು ಮಾತ್ರ ತೋರಿಸಲಿಲ್ಲ. 2023ರಲ್ಲಿ ಸುತ್ತ ಪರದೆ ಹಿಡಿದರು. ಎರಡು ಕಿಲೋಗಿಂತ ಜಾಸ್ತಿ ತೂಗುವ ಸೇಂಟ್ ಎಡ್ವರ್ಡ್ ಕಿರೀಟವನ್ನು ಮಾತ್ರ ಜಗತ್ತಿಗೆಲ್ಲ ತೋರಿಸಿದರು. ‘ಅಭಿಷೇಕ’ ಅನ್ನೋ ನಮ್ಮ ಮಾತು ಆ ಪರದೆಯ ಒಳಗಿನದನ್ನೇ ಹಿಡಿದುಬಿಟ್ಟಿದೆ, ಅಲ್ವಾ?

ಅಂದ ಹಾಗೆ, ಎದುರಾಳಿಯೇ ಇಲ್ಲದೆ ಪಕ್ಷದ ನಾಯಕನಾದರೂ ಇಂಗ್ಲಿಷ್ ಪತ್ರಿಕೆಗಳು ಕಾರೊನೇಷನ್ ಅಂತ ಕುಟುಕುತ್ತವೆ. ನಾವೂ ‘ಮಗನಿಗೆ ಪಟ್ಟ ಕಟ್ಟಿದರು’ ಅನ್ನುತ್ತೇವಲ್ಲ, ಹಾಗೇ.

ಇನ್ನು 1911ರ ಡಿಸೆಂಬರ್ 12ರ ದೆಹಲಿ ದರ್ಬಾರು, ಬ್ರಿಟನ್ನಿನ ಹೊಸ ರಾಜನನ್ನು ಭಾರತದ ಚಕ್ರವರ್ತಿ ಅಂತ ಸಾರಿದ ಸಭೆ. ಐದನೇ ಜಾರ್ಜ್‌ಗೆ ಜೂನ್‌ನಲ್ಲೇ ಲಂಡನ್ನಿನಲ್ಲಿ ಕಾರೊನೇಷನ್ ಆಗಿಹೋಗಿತ್ತು. ಅಲ್ಲಿನ ರಾಜಕಿರೀಟವನ್ನು ದೇಶದಾಚೆ ತರುವ ಹಾಗಿಲ್ಲ. ಸರಿ, ದೆಹಲಿಗೆಂದೇ ಹೊಸದೊಂದು ಕಿರೀಟ ಮಾಡಿಸಿದರು. ಜಾರ್ಜ್ ಅದನ್ನು ತೊಟ್ಟುಕೊಂಡೇ ದರ್ಬಾರಿಗೆ ಬಂದರು. ಎಣ್ಣೆ ಇಲ್ಲ, ತೊಡಿಸುವ ಶಾಸ್ತ್ರವೂ ಇಲ್ಲ, ಬರೀ ಕಿರೀಟ. ಅದರ ಬಿಲ್ಲು ಭಾರತದ ಖಜಾನೆಗೆ ಬಂತು. ಕಿರೀಟ ಈಗಲೂ ಲಂಡನ್ ಟವರ್‌ನಲ್ಲಿದೆ.