ಇಂಗ್ಲಿಷ್ ಪ್ಯಾಸೇಜಿಗೆ ಕನ್ನಡದಲ್ಲಿ ಉತ್ತರ ಬರೆದರೆ ಯಾರ ಗಂಟು ಹೋಗುತ್ತೆ?

ನಮಸ್ಕಾರ. ಇವತ್ತು ಶುರುವಿಗೇ ನಿಮಗೊಂದು ಚಿಕ್ಕ ಪರೀಕ್ಷೆ ಇದೆ. ಮೂರು ವಾಕ್ಯ ಓದುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ.

‘ಗಿಂಬಳ್ಳಿಯಲ್ಲಿ ಒಬ್ಬ ಜೋಪಟ ಇದ್ದ. ಅವನು ದಿನಾ ಬೆಳಿಗ್ಗೆ ಮೊರಕನ್ನು ತಿಂಕುತ್ತಿದ್ದ. ಒಂದು ದಿನ ಲೊಂಬೆ ಜಾಸ್ತಿಯಾದ್ದರಿಂದ ಅವನು ಮೊರಕನ್ನು ತಿಂಕಲಿಲ್ಲ.’

ಈಗ ಪ್ರಶ್ನೆ. ಜೋಪಟ ಎಲ್ಲಿದ್ದ? ಗಿಂಬಳ್ಳಿಯಲ್ಲಿ. ದಿನಾ ಬೆಳಿಗ್ಗೆ ಏನನ್ನು ತಿಂಕುತ್ತಿದ್ದ? ಮೊರಕನ್ನು. ಒಂದು ದಿನ ಯಾಕೆ ತಿಂಕಲಿಲ್ಲ? ಲೊಂಬೆ ಜಾಸ್ತಿಯಾದ್ದರಿಂದ. ಭೇಷ್, ಮೂರಕ್ಕೆ ಮೂರು! ಹಾಗಾದ್ರೆ ಮೊರಕ ಅಂದ್ರೆ ಏನು, ಅದನ್ನು ತಿಂಕೋದು ಹೇಗೆ, ಸ್ವಲ್ಪ ಹೇಳಿ ನೋಡೋಣ. ಗೊತ್ತಿಲ್ಲ ಅಲ್ವಾ? ನನಗೂ ಗೊತ್ತಿಲ್ಲ. ಎಲ್ಲಾ ಸುಮ್ನೆ ಬಾಯಿಗೆ ಬಂದ ಹಾಗೆ ಕಟ್ಟಿದ್ದು.

ನಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಎಷ್ಟೋ ಮಕ್ಕಳು ಅದಕ್ಕೆ ಉತ್ತರ ಬರೆಯೋದು ಹೀಗೇ. ಪ್ರಶ್ನೆಯಲ್ಲಿ ಇರುವ ದೊಡ್ಡ ಪದ ಯಾವುದು ಅಂತ ನೋಡು. ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು. ಸಿಕ್ಕಿತಾ? ಅದರ ಹಿಂದಿನ ಫುಲ್‌ಸ್ಟಾಪಿನಿಂದ ಮುಂದಿನ ಫುಲ್‌ಸ್ಟಾಪಿನವರೆಗೆ ಚೆನ್ನಾಗಿ ಇಳಿಸು. ಪ್ರಶ್ನೆ ‘ವೈ’ ಅಂತ ಶುರುವಾಗಿದ್ದರೆ ‘ಬಿಕಾಸ್’ ಹುಡುಕು. ‘ಬಿಕಾಸ್’ ಸಿಕ್ಕರೆ ಮುಗಿಯಿತು, ಆ ಎರಡು ಮಾರ್ಕ್ಸ್ ಜೇಬಿಗೆ ಬಂದ ಹಾಗೇ. ಇದು ಮಕ್ಕಳು ಕದ್ದು ಕಲಿತ ವಿದ್ಯೆ ಅಲ್ಲ. ಫೇಲ್ ಆಗಬಹುದು ಅನ್ನಿಸುವ ಮಕ್ಕಳನ್ನು ಸಂಜೆ ಕೂರಿಸಿಕೊಂಡು ‘ಪಾಸಿಂಗ್ ಪ್ಯಾಕೇಜ್’ ಅಂತ ಇದನ್ನೇ ಹೇಳಿಕೊಡುತ್ತಾರೆ.

ಮೇಷ್ಟ್ರುಗಳನ್ನು ಬೈಯೋಕೆ ಈ ವಿಡಿಯೋ ಮಾಡುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫಲಿತಾಂಶ ಕಮ್ಮಿ ಬಂದರೆ ಮೀಟಿಂಗಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವರು ಅವರೇ. ಮಗು ಪಾಸಾಗುವ ದಾರಿ ಕಣ್ಣೆದುರಿಗೇ ಇರುವಾಗ ಅದನ್ನು ತೋರಿಸಬೇಡಿ ಅಂತ ಹೇಳೋಕೆ ನಾನ್ಯಾರು? ನನ್ನ ತಕರಾರು ಪ್ರಶ್ನೆಪತ್ರಿಕೆಯ ಮೇಲೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಒಟ್ಟು 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಶಾಲೆಯವರು ಕೊಡುವ ಆಂತರಿಕ ಅಂಕ. ಆ 80ರಲ್ಲಿ ಮಗು ಮೊದಲು ನೋಡಿಯೇ ಇಲ್ಲದ ಪ್ಯಾಸೇಜಿಗೆ ಸಿಗೋದು ಕೆಲವೇ ಅಂಕ. ಮಿಕ್ಕಿದ್ದು ಪಾಠ, ಪದ್ಯ, ವ್ಯಾಕರಣ, ಪತ್ರ, ಪ್ರಬಂಧ. ಪಾಠದಿಂದ ಎರಡು ಸಾಲು ಎತ್ತಿ ಕೊಟ್ಟು ‘ಇದನ್ನು ಯಾರು ಯಾರಿಗೆ ಹೇಳಿದರು’ ಅಂತ ಕೇಳುತ್ತಾರೆ. ಆ ಪಾಠವನ್ನು ವರ್ಷವಿಡೀ ಕನ್ನಡದಲ್ಲಿ ವಿವರಿಸಿರುತ್ತಾರೆ, ಗೈಡಿನಲ್ಲಿ ಉತ್ತರ ಇರುತ್ತದೆ, ಪ್ರಿಪರೇಟರಿಯಲ್ಲೂ ಅದೇ ಸಾಲು ಬಂದು ಹೋಗಿರುತ್ತದೆ. ಅದಕ್ಕೆ ಸರಿ ಉತ್ತರ ಬರೆದ ಮಗುವಿಗೆ ಒಳ್ಳೆಯ ನೆನಪಿನ ಶಕ್ತಿ ಇದೆ ಅಂತ ಹೇಳಬಹುದು. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ ಅಂತ ಹೇಳೋಕಾಗಲ್ಲ.

ಇನ್ನೊಂದು ತಮಾಷೆ ಇದೆ. ‘ಕೆಳಗಿನ ಪದಗಳಲ್ಲಿ ಎರಡು ಸಿಲಬಲ್ ಇರುವ ಪದ ಯಾವುದು’ ಅಂತ ಒಂದು ಮಾರ್ಕಿನ ಪ್ರಶ್ನೆ ಬರುತ್ತೆ. ಸಿಲಬಲ್ ಅಂದ್ರೆ ಪದವನ್ನು ಬಾಯಲ್ಲಿ ಹೇಳುವಾಗ ಕೇಳಿಸುವ ಒಂದೊಂದು ಧ್ವನಿಯ ತುಂಡು, ಅದು ಕಿವಿಗೆ ಸಂಬಂಧಪಟ್ಟದ್ದು. ಅದನ್ನು ನಾವು ಕಾಗದದ ಮೇಲೆ ಅಚ್ಚು ಹಾಕಿ, ಯಾರೂ ತುಟಿ ಬಿಚ್ಚಬಾರದ ಪರೀಕ್ಷಾ ಕೊಠಡಿಯಲ್ಲಿ ಕೇಳುತ್ತೇವೆ! ಕಿವಿಗೆ ನಮ್ಮ ಪತ್ರಿಕೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ. ಉಳಿದಂತೆ ಇಂಗ್ಲಿಷ್ ಕೇಳಿದರೆ ಅರ್ಥ ಆಗುತ್ತಾ ಅಂತ ಪರೀಕ್ಷಿಸುವ ಒಂದೇ ಒಂದು ಪ್ರಶ್ನೆ ಆ 80 ಅಂಕದಲ್ಲಿ ಇಲ್ಲ.

ಇದರ ಬಿಸಿ ಯಾವಾಗ ತಟ್ಟುತ್ತೆ ಅಂದ್ರೆ ಜೂನ್ ತಿಂಗಳಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ತೊಂಬತ್ತು ತೆಗೆದ ಹುಡುಗಿ ಫಸ್ಟ್ ಪಿಯುಸಿ ಸೈನ್ಸಿಗೆ ಸೇರುತ್ತಾಳೆ, ಮೊದಲ ದಿನ ಫಿಸಿಕ್ಸ್ ಲೆಕ್ಚರರ್ ಬಂದು ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ಪಾಠ ಮಾಡಿ, ‘ಅಂಡರ್‌ಸ್ಟುಡ್?’ ಅಂತ ಕೇಳಿ ಹೊರಟು ಹೋಗುತ್ತಾರೆ, ಇವಳು ಬೋರ್ಡ್ ಮೇಲೆ ಬರೆದಿದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಂಡಿರುತ್ತಾಳೆ, ಆದರೆ ಬಾಯಲ್ಲಿ ಹೇಳಿದ್ದು ಒಂದೂ ತಲೆಗೆ ಹೋಗಿರಲ್ಲ. ಅವಳಿಗೆ ಫಿಸಿಕ್ಸ್ ಕಷ್ಟ ಅಂತ ಮನೆಯವರು ಟ್ಯೂಷನ್ನಿಗೆ ಹಾಕುತ್ತಾರೆ. ಅವಳಿಗೆ ಕಷ್ಟ ಆಗುತ್ತಿರೋದು ಫಿಸಿಕ್ಸ್ ಅಲ್ಲವೇ ಅಲ್ಲ. ಹತ್ತು ವರ್ಷ ಇಂಗ್ಲಿಷ್ ಕಲಿತರೂ (ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ) ನಿನ್ನ ಕಿವಿ ಎಷ್ಟು ತಯಾರಾಗಿದೆ ಅಂತ ಅವಳನ್ನು ಯಾರೂ ಒಮ್ಮೆಯೂ ಪರೀಕ್ಷೆಯಲ್ಲಿ ಕೇಳಿರಲಿಲ್ಲ.

ಪರೀಕ್ಷೆಯಲ್ಲಿ ಇಲ್ಲದ್ದನ್ನು ಪಾಠ ಮಾಡಲ್ಲ. ಇದು ನಮ್ಮ ದೇಶದ ಅಲಿಖಿತ ಸಂವಿಧಾನ. ಹಿಂದೆ ಆಕಾಶವಾಣಿಯಲ್ಲಿ ‘ಕೇಳಿ ಕಲಿ’ ಅಂತ ಶಾಲಾ ಮಕ್ಕಳಿಗೆ ಕಾರ್ಯಕ್ರಮ ಬರುತ್ತಿತ್ತು, ಹೆಸರು ನೋಡಿ ಎಷ್ಟು ಚೆನ್ನಾಗಿದೆ. ಅಂದರೆ ಕೇಳಿಸಿ ಕಲಿಸೋದು ನಮಗೆ ಹೊಸದೇನಲ್ಲ. ಆದರೆ ಹೈಸ್ಕೂಲಿಗೆ ಬಂದು ಪಬ್ಲಿಕ್ ಪರೀಕ್ಷೆ ಅನ್ನುವ ಗುಮ್ಮ ಕಣ್ಣಿಗೆ ಬಿದ್ದ ತಕ್ಷಣ ಕೇಳಿಸೋದು ನಿಲ್ಲುತ್ತೆ, ಬರೆಸೋದು ಶುರುವಾಗುತ್ತೆ.

ಹೊರಗಡೆ ಏನು ಮಾಡುತ್ತಾರೆ ನೋಡಿ. ದಕ್ಷಿಣ ಕೊರಿಯಾದಲ್ಲಿ ಪ್ರತಿ ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಡೆಯುತ್ತೆ. ಇಂಗ್ಲಿಷಿನಲ್ಲಿ 45 ಪ್ರಶ್ನೆ, ಅದರಲ್ಲಿ 17 ಕೇಳಿಸಿಕೊಂಡು ಉತ್ತರಿಸುವಂಥವು. ಮಧ್ಯಾಹ್ನ ಆ ಆಡಿಯೋ ಹಾಕುವ ಹೊತ್ತಿಗೆ ದೇಶದಲ್ಲಿ ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ. ಸುಮಾರು 35 ನಿಮಿಷ! ಮೇಲೆ ಇರುವ ವಿಮಾನ ಮೇಲೇ ಸುತ್ತುತ್ತಿರಬೇಕು, ಯಾಕಂದ್ರೆ ಕೆಳಗೆ ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ. ಜಪಾನ್ 2006ರಲ್ಲಿ ತನ್ನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗೆ ಲಿಸನಿಂಗ್ ತಂದಾಗ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಪುಟ್ಟ ಪ್ಲೇಯರ್, ಇಯರ್‌ಫೋನ್ ಕೊಟ್ಟಿತು. ಆಗ ಓದಿಗೆ 200 ಅಂಕ, ಕೇಳೋದಕ್ಕೆ 50. ಪರೀಕ್ಷೆ ಬದಲಾಗಿ 2021ರಲ್ಲಿ ಹೊಸದು ಬಂದಾಗ ಎರಡಕ್ಕೂ ನೂರು ನೂರು, ಸರಿಸಮ.

ಅಲ್ಲಿಯ ಒತ್ತಡ, ಅಲ್ಲಿಯ ಕೋಚಿಂಗ್ ಹುಚ್ಚು ನಮಗೆ ಬೇಡವೇ ಬೇಡ. ನಾನು ಅವರನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿಲ್ಲ. ಆದರೆ ಕೊರಿಯಾದ ಪತ್ರಿಕೆಯಲ್ಲಿ ಒಂದು ವಿಷಯ ಇದೆ, ವಿಮಾನದ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲ್ಲ. ಆಡಿಯೋ ಇಂಗ್ಲಿಷಿನಲ್ಲಿರುತ್ತೆ. ಆದರೆ ‘ಈ ಹೆಂಗಸು ಈ ಮಾತು ಹೇಳಿದ ಉದ್ದೇಶ ಏನು’ ಅನ್ನುವ ಪ್ರಶ್ನೆ ಅಚ್ಚಾಗಿರೋದು ಕೊರಿಯನ್ ಭಾಷೆಯಲ್ಲಿ. ಇಂಥ ಎಷ್ಟೋ ಪ್ರಶ್ನೆಗಳಿಗೆ ಕೊಟ್ಟ ಐದು ಆಯ್ಕೆಗಳೂ ಕೊರಿಯನ್ನಲ್ಲೇ. ಕೇಳಿದ್ದು ಇಂಗ್ಲಿಷ್, ಉತ್ತರ ತಾಯ್ನುಡಿಯಲ್ಲಿ. ಯಾರೂ ‘ಅಯ್ಯೋ, ಇಂಗ್ಲಿಷಿನ ಮಾನ ಹೋಯಿತು’ ಅಂತ ಅಳುತ್ತಿಲ್ಲ.

ನನ್ನ ಮಾತು ಇಷ್ಟೇ. ಅರ್ಥ ಆಗಿದೆಯಾ ಅಂತ ತಿಳಿಯೋಕೆ ಕೇಳುವ ಪ್ರಶ್ನೆಗೆ ಮಗು ಕನ್ನಡದಲ್ಲಿ ಉತ್ತರ ಕೊಡಲಿ. ಪತ್ರಕ್ಕೆ, ಪ್ರಬಂಧಕ್ಕೆ ಇಂಗ್ಲಿಷಿನಲ್ಲೇ ಬರೆಯಲಿ, ಅದು ಬರವಣಿಗೆಯ ಪರೀಕ್ಷೆ. ಆದರೆ ಓದಿ ಅರ್ಥ ಮಾಡಿಕೊಂಡಿದ್ದು, ಕೇಳಿ ಅರ್ಥ ಮಾಡಿಕೊಂಡಿದ್ದು ಬೇರೆ. ಈಗ ಏನಾಗುತ್ತಿದೆ ಅಂದ್ರೆ, ಏನೂ ಅರ್ಥ ಆಗದ ಹುಡುಗ ಸಾಲು ನಕಲು ಮಾಡಿ ಎರಡಕ್ಕೆ ಎರಡು ತೆಗೆಯುತ್ತಾನೆ. ಪಕ್ಕದ ಡೆಸ್ಕಿನವನಿಗೆ ಪ್ಯಾಸೇಜ್ ಪೂರ್ತಿ ಅರ್ಥ ಆಗಿರುತ್ತೆ, ತನ್ನದೇ ಮಾತಿನಲ್ಲಿ ಹೇಳೋಕೆ ಹೋಗಿ ಸ್ಪೆಲ್ಲಿಂಗ್ ತಪ್ಪಿ, ವಾಕ್ಯ ಮುರಿದು, ಒಂದಕ್ಕೋ ಅರ್ಧಕ್ಕೋ ನಿಲ್ಲುತ್ತಾನೆ. ಬುದ್ಧಿವಂತಿಕೆಗೆ ದಂಡ ಹಾಕುವ ಪತ್ರಿಕೆ ಇದು.

ಕನ್ನಡದಲ್ಲಿ ಉತ್ತರ ಬರೆಯಬೇಕು ಅಂದ ತಕ್ಷಣ ನಕಲು ಮಾಡೋದು ಸಾಧ್ಯವೇ ಇಲ್ಲ, ಯೋಚನೆ ಮಾಡಿ. ಮೊರಕವನ್ನು ತಿಂಕಿದ ಅಂತ ಕನ್ನಡದಲ್ಲಿ ಹೇಗೆ ಬರೀತೀರಿ? ಗೊತ್ತಿದ್ದರೆ ಮಾತ್ರ ಬರೆಯಬಹುದು. ನಮ್ಮ ದೇಶದಲ್ಲೇ ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. ಹಳ್ಳಿ ಮಕ್ಕಳ ಕಲಿಕೆ ಎಷ್ಟಿದೆ ಅಂತ ಸಮೀಕ್ಷೆ ಮಾಡುವ ‘ಅಸರ್’ ವರದಿ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅವರ 2023ರ ವರದಿ ಹಳ್ಳಿಗಳ 14ರಿಂದ 18 ವರ್ಷದ ಮಕ್ಕಳ ಮೇಲೆ, ಅಂದರೆ ಹೆಚ್ಚುಕಮ್ಮಿ ಹೈಸ್ಕೂಲ್, ಪಿಯುಸಿ ವಯಸ್ಸಿನವರ ಮೇಲೆ. ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲವರು 57.3 ಪರ್ಸೆಂಟ್. ಅಲ್ಲಿಗೇ ಬಿಡಲಿಲ್ಲ ಅವರು, ಓದಿದೆಯಲ್ಲ, ಈಗ ಅರ್ಥ ಹೇಳು ಅಂತ ಕೇಳಿದರು. ಓದಿದವರಲ್ಲಿ ಸುಮಾರು ಮುಕ್ಕಾಲು ಭಾಗದವರು ಮಾತ್ರ ಅರ್ಥ ಹೇಳಿದರು. ಮಿಕ್ಕ ಕಾಲು ಭಾಗ ಚೆನ್ನಾಗಿ ಓದಿತು, ಒಳಗೆ ಏನಿದೆ ಅಂತ ಗೊತ್ತಾಗಲಿಲ್ಲ. ಅರ್ಥ ಹೇಳು ಅಂತ ಕೇಳದೇ ಇದ್ದಿದ್ದರೆ ಆ ಕಾಲು ಭಾಗವೂ ಲೆಕ್ಕದಲ್ಲಿ ಪಾಸ್ ಆಗಿಬಿಡುತ್ತಿತ್ತು. ನಮ್ಮ ಪತ್ರಿಕೆ ಕೇಳಲ್ಲ.

ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಮಕ್ಕಳು ಏನು ಮಾಡಬೇಕು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ವಿಜ್ಞಾನ, ಸಮಾಜ ವಿಜ್ಞಾನದ ಪತ್ರಿಕೆ ಆ ಮಕ್ಕಳಿಗೆ ಅವರವರ ಮಾಧ್ಯಮದಲ್ಲಿ ಸಿಗುತ್ತೆ ಅಲ್ವಾ? ಇಂಗ್ಲಿಷ್ ಪತ್ರಿಕೆಯ ಒಂದು ಭಾಗಕ್ಕೂ ಹಾಗೇ ಆಯ್ಕೆಗಳನ್ನು ಅವರ ಭಾಷೆಯಲ್ಲಿ ಅಚ್ಚು ಹಾಕಿ. ಮಗು ಟಿಕ್ ಮಾಡಲಿ. ವ್ಯಾಲ್ಯುಯೇಷನ್ ಮಾಡುವವರಿಗೆ ಆ ಭಾಷೆ ಬರದಿದ್ದರೂ ನಡೆಯುತ್ತೆ, ಕೀ ಆನ್ಸರ್ ಇದ್ದರೆ ಸಾಕು.

ಲಿಸನಿಂಗ್ ಪರೀಕ್ಷೆ ಅಂದ ಕೂಡಲೇ ಬರುವ ಮೊದಲ ಮಾತು, ‘ಅಷ್ಟೊಂದು ವ್ಯವಸ್ಥೆ ಎಲ್ಲಿದೆ ಸರ್?’ 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕ್ಯಾಸ್ಟಿಂಗ್ ಮಾಡಿದರು. ಕಾಪಿ ನಿಂತು ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40 ಪರ್ಸೆಂಟಿಗೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸನ್ನು 10ರಿಂದ 20 ಪರ್ಸೆಂಟಿಗೆ ಏರಿಸಿದ ಮೇಲೆ. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳ ಮೇಲೆ ಕಣ್ಣಿಡೋಕೆ ಕ್ಯಾಮೆರಾ ಸಿಗುತ್ತೆ, ಅವರ ಕಿವಿಗೆ ನಾಲ್ಕು ಮಾತು ಹಾಕೋಕೆ ಒಂದು ಸ್ಪೀಕರ್ ಸಿಗಲ್ವಾ? ಸ್ಪೀಕರ್ ಬೇಡ, ಕರೆಂಟ್ ಹೋಗುತ್ತೆ ಅನ್ನಿ. ಸೀಲ್ ಮಾಡಿದ ಲಕೋಟೆಯಲ್ಲಿ ಒಂದು ಹಾಳೆ ಕಳಿಸಿ. ಕೊಠಡಿ ಮೇಲ್ವಿಚಾರಕರು ನಿಧಾನವಾಗಿ ಎರಡು ಸಲ ಓದಲಿ. ಎಲ್ಲಾ ಕಡೆ ಒಂದೇ ಥರ ಓದಲ್ಲ, ನಿಜ. ಆದರೂ ಸೊನ್ನೆಗಿಂತ ಎಷ್ಟೋ ವಾಸಿ.

ಆ ಹಾಳೆಯಲ್ಲಿ ಏನಿರಬೇಕು ಅಂದ್ರೆ, ಹೀಗೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಂಗ್ಲಿಷಿನಲ್ಲಿ ಅನೌನ್ಸ್‌ಮೆಂಟ್. ಒಂದನೇ ಪ್ಲಾಟ್‌ಫಾರ್ಮಿಗೆ ಬರಬೇಕಿದ್ದ ಬೆಂಗಳೂರಿನ ರೈಲು ಐದನೇ ಪ್ಲಾಟ್‌ಫಾರ್ಮಿಗೆ ಬರುತ್ತೆ, ಇಪ್ಪತ್ತು ನಿಮಿಷ ಲೇಟು, ಮೈಸೂರಿನ ರೈಲಿಗೆ ಏನೂ ಬದಲಾವಣೆ ಇಲ್ಲ. ಪ್ರಶ್ನೆ ಕನ್ನಡದಲ್ಲಿ: ನೀವು ಬೆಂಗಳೂರಿಗೆ ಹೋಗಬೇಕು, ಈಗ ಎಲ್ಲಿ ನಿಲ್ಲುತ್ತೀರಿ? ‘ಒನ್’ ಅನ್ನೋದೂ ಕಿವಿಗೆ ಬಿದ್ದಿದೆ, ‘ಫೈವ್’ ಅನ್ನೋದೂ ಬಿದ್ದಿದೆ. ನಡುವೆ ಬಂದ ‘ಇನ್‌ಸ್ಟೆಡ್ ಆಫ್’ ಯಾರಿಗೆ ಅರ್ಥ ಆಯಿತೋ ಅವರಿಗೆ ಮಾತ್ರ ಉತ್ತರ ಸಿಗುತ್ತೆ. ಬರೀ ಪದ ಹಿಡಿದವನು ತಪ್ಪು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾನೆ. ಇಂಥ ಪ್ರಶ್ನೆ ಕಟ್ಟೋದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ ನಮ್ಮಲ್ಲೂ ಜನ ಇದ್ದಾರೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ ಬೆಂಗಳೂರಿನಲ್ಲಿ 1963ರಿಂದಲೂ ಇದೆ.

ಅಂದಹಾಗೆ ಆಡಿಯೋ ಮಾಡೋದಾದರೆ ದಯವಿಟ್ಟು ಲಂಡನ್ ಗಂಟಲು ತರಬೇಡಿ. ನಮ್ಮ ಮಕ್ಕಳು ನಾಳೆ ಕೇಳಬೇಕಾಗಿರೋದು ಬ್ಯಾಂಕಿನಲ್ಲಿ ಕೂತ ಕೇರಳದ ಮ್ಯಾನೇಜರ್ ಮಾತು, ಕಲಬುರಗಿಯ ಲೆಕ್ಚರರ್ ಮಾತು, ಕಸ್ಟಮರ್ ಕೇರಿನಲ್ಲಿ ಮಾತಾಡುವ ದೆಹಲಿ ಹುಡುಗಿಯ ಮಾತು. ಆ ಇಂಗ್ಲಿಷ್ ಕೇಳಿಸಿ.

ಇದನ್ನು ಆಂತರಿಕ ಅಂಕಕ್ಕೆ ಸೇರಿಸಿದರೆ ಸಾಕಲ್ವಾ ಅನ್ನುವವರಿಗೆ ನನ್ನ ಉತ್ತರ: ಸಾಲದು. ಸಿಬಿಎಸ್‌ಇಯಲ್ಲಿ ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ಕೇಳೋದು, ಮಾತಾಡೋದು ಎರಡೂ ಸೇರಿ ಆಂತರಿಕವಾಗಿ 5 ಅಂಕ ಇಟ್ಟಿದ್ದಾರೆ. ಇಟ್ಟಿದ್ದೇ ದೊಡ್ಡದು, ಆದರೆ ಶಾಲೆ ಕೊಡುವ ಅಂಕದ ಕಥೆ ನಿಮಗೂ ಗೊತ್ತು ನನಗೂ ಗೊತ್ತು. ಇಪ್ಪತ್ತಕ್ಕೆ ಹತ್ತೊಂಬತ್ತು, ಇಪ್ಪತ್ತು, ಮಗು ಹಾಜರಿದ್ದರೆ ಸಾಕು. ಅಲ್ಲಿ ಹಾಕಿದ್ದು ಕಾಗದದಲ್ಲಿ ಉಳಿಯುತ್ತೆ. ಲಿಖಿತ ಪರೀಕ್ಷೆಯ 80ರಲ್ಲಿ ಹತ್ತು ಅಂಕ ಲಿಸನಿಂಗಿಗೆ ತೆಗೆದಿಡಿ, ನೋಡಿ ಮುಂದಿನ ಜೂನಿಗೇ ಗೈಡ್ ಕಂಪನಿಗಳು ಆಡಿಯೋ ಸಮೇತ ಬರುತ್ತವೆ, ಟ್ಯೂಷನ್ನಿನವರು ಸ್ಪೀಕರ್ ಕೊಳ್ಳುತ್ತಾರೆ, ಅದರ ಜೊತೆಗೆ ಸರ್ಕಾರಿ ಶಾಲೆಯಲ್ಲೂ ವಾರಕ್ಕೊಂದು ಪೀರಿಯಡ್ ಮಕ್ಕಳು ಸುಮ್ಮನೆ ಕೂತು ಇಂಗ್ಲಿಷ್ ಕೇಳುತ್ತಾರೆ.

ಅಲ್ಲಿಯವರೆಗೆ ಇಂಗ್ಲಿಷ್ ಮೇಡಂಗಳು, ಮೇಷ್ಟ್ರುಗಳು ಯಾರಾದರೂ ಇದನ್ನು ನೋಡುತ್ತಿದ್ದರೆ ಒಂದು ಕೆಲಸ ಮಾಡಿ. ಹತ್ತನೇ ಕ್ಲಾಸಿನಲ್ಲಿ ಈ ರೈಲಿನ ಅನೌನ್ಸ್‌ಮೆಂಟನ್ನೇ ಇಂಗ್ಲಿಷಿನಲ್ಲಿ ಎರಡು ಸಲ ಓದಿ, ಪುಸ್ತಕ ಮುಚ್ಚಿಸಿ, ಉತ್ತರವನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಸಿ. ಆಮೇಲೆ ನಿಮ್ಮ ಪ್ರಿಪರೇಟರಿ ಮಾರ್ಕ್ಸ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಮೇಲಿನ ಹೆಸರುಗಳಲ್ಲಿ ಎಷ್ಟು ಜನ ಒಂದನೇ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಾರೆ, ಕೆಳಗಿನವರಲ್ಲಿ ಯಾರ್ಯಾರು ಐದಕ್ಕೆ ಹೋಗಿದ್ದಾರೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಮಕ್ಕಳ ಹೆಸರು ಬೇಡ, ಎಣಿಕೆ ಸಾಕು.