ಬೆಂಕಿಕಡ್ಡಿಯ ತಲೆಯಷ್ಟು ಚೂರು

ಕೇಳುಗರಿಗೆ ನಮಸ್ಕಾರ.

ಪ್ಯಾಪ್ ಟೆಸ್ಟ್‌ನ ವರದಿ ಬಂದಿದೆ, ಅಂದರೆ ಗರ್ಭಕೋಶದ ಬಾಯಿಯ ಕೋಶಗಳ ಪರೀಕ್ಷೆಯದು. ಜೀವಕೋಶಗಳಲ್ಲಿ ಬದಲಾವಣೆ ಕಂಡಿದೆ ಅಂತ ಅದರಲ್ಲೊಂದು ಸಾಲು. ಡಾಕ್ಟರು ಓದಿ, ಬಯಾಪ್ಸಿ ಮಾಡೋಣ ಅನ್ನುತ್ತಾರೆ. ಅಷ್ಟು ಕೇಳಿದ್ದೇ ತಡ, ಎದುರು ಕೂತವರ ಮುಖ ಬಿಳಚಿಕೊಳ್ಳುತ್ತದೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಬಂದೇಬಿಟ್ಟಿದೆ ಅಂತ ಲೆಕ್ಕ, ಅಲ್ವಾ? ಗರ್ಭಕೋಶದ ಬಾಯಿಯ ವಿಷಯದಲ್ಲಿ ಆ ಲೆಕ್ಕ ಸಾಮಾನ್ಯವಾಗಿ ತಪ್ಪು. ಇಲ್ಲಿ ಹುಡುಕುವುದು ಕ್ಯಾನ್ಸರ್‌ಗೂ ಎಷ್ಟೋ ವರ್ಷ ಮೊದಲಿನ ಬದಲಾವಣೆಯನ್ನು.

ಹಾಗಾದರೆ ಪ್ಯಾಪ್ ಟೆಸ್ಟ್ ಒಂದೇ ಸಾಲದೇ? ಅದರಲ್ಲಿ ಮೇಲ್ಮೈಯಿಂದ ಬಿಡುವ ಕೋಶಗಳನ್ನಷ್ಟೇ ಬ್ರಶ್‌ನಲ್ಲಿ ಸವರಿ ತೆಗೆಯುತ್ತಾರೆ. ಗೋಡೆ ಮುಟ್ಟಿದರೆ ಕೈಗೆ ಸುಣ್ಣ ಹತ್ತುತ್ತದಲ್ಲ, ಹಾಗೆ. ಸುಣ್ಣ ನೋಡಿ ಗೋಡೆ ಎಷ್ಟು ಆಳಕ್ಕೆ ಹಾಳಾಗಿದೆ ಅಂತ ಹೇಳೋದು ಹೇಗೆ? ಅದಕ್ಕೆ ಗೋಡೆಯದೇ ಒಂದು ಚೂರು ಬೇಕು. ಆ ಚೂರು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ.

ಆದರೆ ಎಲ್ಲಿಂದ ತೆಗೆಯಬೇಕು? ನಿಜವಾದ ಕೈಚಳಕ ಇರುವುದು ಇಲ್ಲೇ. ಗರ್ಭಕೋಶದ ಬಾಯಿಯ ಹೊರಭಾಗದಲ್ಲಿ ಚಪ್ಪಟೆ ಕೋಶಗಳ ಹಲವು ಪದರ. ಒಳದಾರಿಯಲ್ಲಿ ಕಂಬದಂಥ ಕೋಶಗಳ ಒಂದೇ ಸಾಲು. ಎರಡೂ ಕೂಡುವ ಗಡಿಯಲ್ಲೇ, ಈ ಬದಲಾವಣೆಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಕಾಟ ಜಾಸ್ತಿ. ಆ ಗಡಿಯೋ, ವಯಸ್ಸಾದಂತೆ ಒಳಕ್ಕೆ ಸರಿಯುತ್ತಾ ಹೋಗುತ್ತದೆ.

ಬರಿಗಣ್ಣಿಗೆ ಎಲ್ಲ ಕಡೆ ಒಂದೇ ಗುಲಾಬಿ ಬಣ್ಣ. 1925ರಲ್ಲಿ ಜರ್ಮನಿಯ ಹಾನ್ಸ್ ಹಿನ್ಸೆಲ್‌ಮನ್ ಈ ಜಾಗವನ್ನು ಬೆಳಕು ಹಾಕಿ, ಹಿಗ್ಗಿಸಿ ನೋಡುವ ಉಪಕರಣ ತಂದರು. ಅದೇ ಕಾಲ್ಪೋಸ್ಕೋಪ್. ಇವತ್ತಿಗೂ ಅದರ ಜೊತೆ ಬೇಕಾಗುವುದು ಶೇಕಡಾ 3ರಿಂದ 5ರಷ್ಟು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವುದೇ. ಹಚ್ಚಿ ಒಂದು ನಿಮಿಷ ಕಾದರೆ ಬದಲಾದ ಜಾಗ ನಿಧಾನಕ್ಕೆ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದರೆ ಆರೋಗ್ಯವಂತ ಜಾಗ ಕಡುಕಂದಾಗಿ, ಸಂಶಯದ ಜಾಗ ಹಳದಿಯಾಗಿಯೇ ಉಳಿಯುತ್ತದೆ.

ಅಲ್ಲಿ ಚಿಕ್ಕ ಚಿಮುಟದಿಂದ ಒಂದು ಚೂರು ಕಚ್ಚಿ ತೆಗೆಯುತ್ತಾರೆ. ಹೆಚ್ಚುಕಡಿಮೆ ಬೆಂಕಿಕಡ್ಡಿಯ ತಲೆಯಷ್ಟು. ಇದೇ ಪಂಚ್ ಬಯಾಪ್ಸಿ. ಒಂದೇ ಚೂರು ಸಾಕು, ಪಾಪ, ಸುಮ್ನೆ ಯಾಕೆ ನೋಯಿಸೋದು ಅನ್ನಿಸಬಹುದು. ನನಗೆ ಅದು ಹುಸಿ ಕರುಣೆ. ಬಿಳಿ ಕಲೆ ನಾಲ್ಕು ಕಡೆ ಇದ್ದು ಒಂದೇ ಕಡೆ ಚಿವುಟಿದರೆ, ಕೆಟ್ಟ ಜಾಗವೇ ತಪ್ಪಿಹೋಗಬಹುದು. ಎರಡರಿಂದ ನಾಲ್ಕು ಚೂರು ತೆಗೆದರೆ ಆ ಭಯ ಕಮ್ಮಿ.

ಗಡಿ ಒಳಗೆ ಅಡಗಿದ್ದರೆ ಒಳದಾರಿಯನ್ನು ಕೆರೆದು ಮಾದರಿ ತೆಗೆಯುತ್ತಾರೆ. ಬಸುರಿಯರಿಗೆ ಇದನ್ನು ಮಾಡುವುದಿಲ್ಲ. ಇನ್ನೂ ದೊಡ್ಡ ಭಾಗ ಬೇಕಾದರೆ ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆ ಇದೆ, ಲೀಪ್ ಅಂತಾರೆ. ಪರೀಕ್ಷೆ, ಚಿಕಿತ್ಸೆ ಎರಡೂ ಒಂದೇ ಸಲಕ್ಕೆ ಆಗಬಹುದು. ಆದರೆ ಬಿಸಿಗೆ ಚೂರಿನ ಅಂಚು ಸುಟ್ಟಿರುತ್ತದೆ, ಮೈಕ್ರೋಸ್ಕೋಪಿನಲ್ಲಿ ಓದುವವರಿಗೆ ಅದೊಂದು ತಲೆನೋವು. ಅಂಚು ಸ್ಪಷ್ಟವಾಗಿ ಕಾಣಲೇಬೇಕಾದರೆ ಚಾಕುವಿನಿಂದ ಕೋನಿನ ಆಕಾರದಲ್ಲಿ ಕತ್ತರಿಸುತ್ತಾರೆ. ಇದಕ್ಕೆ ಅರಿವಳಿಕೆ ಬೇಕು. ಮುಂದೆ ಮಗು ಬೇಕೆನ್ನುವವರು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು. ಜಾಸ್ತಿ ಆಳಕ್ಕೆ ತೆಗೆದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಾಧ್ಯತೆ ಏರುತ್ತದೆ.

ಬಯಾಪ್ಸಿ ವರದಿಯಲ್ಲಿ ಸಿಐಎನ್ 1, 2, 3 ಅಂತ ಇರುತ್ತದೆ, ಅಂದರೆ ಬದಲಾವಣೆ ಎಷ್ಟರ ಮಟ್ಟಿಗಿದೆ ಅನ್ನುವ ದರ್ಜೆ. ಕೆಟ್ಟ ಕೋಶಗಳು ಪದರದ ಕೆಳಗಿನ ಮೂರನೇ ಒಂದು ಭಾಗದಲ್ಲಷ್ಟೇ ಇದ್ದರೆ 1. ಮೂರನೇ ಎರಡು ಭಾಗದವರೆಗೆ ಬಂದಿದ್ದರೆ 2. ಅದನ್ನೂ ದಾಟಿ ಮೇಲೇರಿದ್ದರೆ 3. ಈ ಮೂರೂ ದರ್ಜೆಗಳಲ್ಲಿ ಪದರದ ತಳದ ತೆಳು ಪೊರೆ ಹರಿದಿಲ್ಲ, ಅಂದರೆ ಇದು ಕ್ಯಾನ್ಸರ್ ಅಲ್ಲ. ಸಿಐಎನ್ 1 ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ, ಕಣ್ಣಿಟ್ಟಿದ್ದರೆ ಸಾಕು.

ಪಂಚ್ ಬಯಾಪ್ಸಿ ಆದ ಮೇಲೆ ಮುಟ್ಟಿನ ನೋವಿನಂತೆ ಹೊಟ್ಟೆ ಹಿಂಡಬಹುದು. ರಕ್ತ ನಿಲ್ಲಲು ಹಚ್ಚುವ ಔಷಧಿಯಿಂದ ಒಂದೆರಡು ದಿನ ಕಂದು, ಕಪ್ಪು ಬಣ್ಣದ ಸ್ರಾವ ಹೋಗುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ರಕ್ತ ಜಾಸ್ತಿ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ನಮಸ್ಕಾರ.