ಸಾವಿರ ಯೆನ್ನಿನ ಗೋಡೆ

ಕೇಳುಗರಿಗೆ ನಮಸ್ಕಾರ.

ಬಿಸಿ ಸೂಪಿನಲ್ಲಿ ಗೋಧಿ ಶಾವಿಗೆ ಹಾಕಿ ಕೊಡುವ ಜಪಾನಿನ ಊಟ ರಾಮೆನ್. ಅಲ್ಲಿನ ರಾಮೆನ್ ಅಂಗಡಿಯವರು ಆಗಾಗ ಆಡುವ ಒಂದು ಮಾತಿದೆ: ‘ಸಾವಿರ ಯೆನ್ನಿನ ಗೋಡೆ’. ಬಟ್ಟಲಿನ ಬೆಲೆ 950 ಯೆನ್ ಇದ್ದರೆ ಜನ ಬರುತ್ತಾರೆ. ಸಾವಿರ ದಾಟಿತೋ, ಬೋರ್ಡು ನೋಡಿ ಹಾಗೇ ಮುಂದೆ ಹೋಗುತ್ತಾರೆ. ಅಂಗಡಿಯವರಿಗೆ ಈ ಭಯ ಇವತ್ತಿನದಲ್ಲ. ಸಾವಿರ ಯೆನ್ ಅಂದರೆ ನಮ್ಮ ಲೆಕ್ಕದಲ್ಲಿ ಐನೂರೈವತ್ತು, ಆರುನೂರು ರೂಪಾಯಿ. ಅದೇ ಜನ ಪಕ್ಕದ ಬೀದಿಯಲ್ಲಿ ಪಾಸ್ತಾಕ್ಕೆ ಒಂದೂವರೆ ಸಾವಿರ ಕೊಟ್ಟು ಖುಷಿಯಾಗಿ ಎದ್ದು ಬರುತ್ತಾರೆ. ಎರಡೂ ಗೋಧಿಯದೇ ಅಲ್ವಾ? ಹಾಗೆ ನೋಡಿದರೆ ಕೆಲಸ ಜಾಸ್ತಿ ಹಿಡಿಯುವುದು ರಾಮೆನ್ನಿಗೇ.

ಇದಕ್ಕೆ ಕಾರಣ ರಾಮೆನ್ ಹುಟ್ಟಿ ಬೆಳೆದ ರೀತಿ. ಚೀನಾದಿಂದ ಬಂದವರ ಕೈಯಡುಗೆಯಾಗಿ ಅದು ಜಪಾನಿನ ಬಂದರು ಊರುಗಳಿಗೆ ಕಾಲಿಟ್ಟಿತು. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ಓಜಾಕಿ ಕಾನ್‌ಇಚಿ ಎಂಬವರು ಯೊಕೊಹಾಮಾದಿಂದ ಚೀನೀ ಅಡುಗೆಯವರನ್ನು ಕರೆಸಿ ‘ರೈರೈಕೆನ್’ ಎಂಬ ಅಂಗಡಿ ತೆರೆದರು. ಕೂಲಿ ಕೆಲಸದವರು, ಓದುವ ಹುಡುಗರು, ನಾಟಕ ನೋಡಲು ಬಂದವರು, ಎಲ್ಲರಿಗೂ ಕೈಗೆಟಕುವ ಊಟ ಅದು. ಆಮೇಲೆ ಯುದ್ಧ ಬಂತು. 1945ರಲ್ಲಿ ಸೋತ ಜಪಾನಿನಲ್ಲಿ ಅಕ್ಕಿಗೆ ಬರ. ಅಮೆರಿಕದಿಂದ ಗೋಧಿ ಹಿಟ್ಟು ಬರತೊಡಗಿತು. ಕಾಳಸಂತೆಯ ಗಾಡಿಗಳಲ್ಲಿ ಬಿಸಿ ರಾಮೆನ್ ಹೊಟ್ಟೆ ತುಂಬಿಸಿತು. ಆ ಗಾಡಿಗಳ ಮುಂದಿನ ಸಾಲು ನೋಡಿದ ಅಂಡೊ ಮೊಮೊಫುಕು ಎಂಬವರು 1958ರಲ್ಲಿ ಬಿಸಿನೀರು ಹಾಕಿದರೆ ಸಿದ್ಧವಾಗುವ ಪ್ಯಾಕೆಟ್ ರಾಮೆನ್ ಮಾರಿದರು. ಅಲ್ಲಿಗೆ ರಾಮೆನ್ ಮನೆಗಳಿಗೂ ಬಂತು. ಹೀಗೆ ಬಡತನದ ಕಾಲದಲ್ಲಿ ಕೈಹಿಡಿದ ತಿಂಡಿಗೆ ಯಾರಾದರೂ ದುಬಾರಿ ಬೆಲೆ ಕಟ್ಟಿದರೆ ಜನಕ್ಕೆ ಸಿಟ್ಟು ಬರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಡುಗೆಯವನ ಕಡೆಯಿಂದ ನೋಡಿದರೆ ಅದು ಅನ್ಯಾಯ ಅಂತಲೂ ಅನ್ನಿಸುತ್ತದೆ.

ಈ ಗೋಡೆಯಲ್ಲಿ ದೊಡ್ಡ ಬಿರುಕು ಬಿಟ್ಟದ್ದು 2015ರ ಕೊನೆಯಲ್ಲಿ. ಮಿಶೆಲಿನ್‌ನವರ 2016ರ ಟೋಕಿಯೊ ಗೈಡ್ ಹೊರಬಂತು. ಒಳ್ಳೆಯ ಊಟದ ಜಾಗಗಳಿಗೆ ಸ್ಟಾರ್ ಕೊಡುವ ಪುಸ್ತಕ ಅದು. ಸುಗಾಮೊ ಬಡಾವಣೆಯ ‘ತ್ಸುತಾ’ ಎಂಬ ಪುಟ್ಟ ಅಂಗಡಿಗೆ ಒಂದು ಸ್ಟಾರ್ ಸಿಕ್ಕಿತು. ಪ್ರಪಂಚದಲ್ಲಿ ರಾಮೆನ್ ಅಂಗಡಿಯೊಂದಕ್ಕೆ ಸ್ಟಾರ್ ಬಂದದ್ದು ಅದೇ ಮೊದಲು. ಕೂರಲು ಇದ್ದದ್ದು ಬರೀ 9 ಜಾಗ. ಸುಗಾಮೊ ಅಂದರೆ ಅಜ್ಜಿಯರು ಶಾಪಿಂಗಿಗೆ ಹೋಗುವ ಬಡಾವಣೆ ಅಂತ ಟೋಕಿಯೊದಲ್ಲಿ ಹೆಸರು. ಅಲ್ಲಿ ಬೆಳಗಾಗುತ್ತಲೇ ವಿದೇಶಿಯರ ಸಾಲು ಶುರುವಾಯಿತು. ಸಾಲು ತಡೆಯಲಾರದೆ ಅಂಗಡಿಯವರು ಒಂದು ಉಪಾಯ ಮಾಡಿದರು. ಬೆಳಿಗ್ಗೆ ಬಂದು ಸಾವಿರ ಯೆನ್ ಠೇವಣಿ ಇಡಿ, ಬಣ್ಣದ ಚೀಟಿ ತಗೊಳ್ಳಿ, ಚೀಟಿಯಲ್ಲಿರುವ ಹೊತ್ತಿಗೆ ಮತ್ತೆ ಬನ್ನಿ.

ಅಂಗಡಿಯ ಒಡೆಯ ಓನಿಶಿ ಯೂಕಿ. ಅವರ ತಂದೆಯೂ ರಾಮೆನ್ ಅಂಗಡಿ ನಡೆಸಿದವರು. ಮಗ ನಡುವೆ ಬಟ್ಟೆ ವ್ಯಾಪಾರದ ಕಡೆ ಹೋಗಿ, ಮತ್ತೆ ಬಟ್ಟಲಿಗೇ ಮರಳಿದರು. ತ್ಸುತಾದ ರಾಮೆನ್ ಮೇಲೆ ಟ್ರಫಲ್ ಹಾಕುತ್ತಿದ್ದರು. ಟ್ರಫಲ್ ಅಂದರೆ ಯುರೋಪಿನಲ್ಲಿ ಮಣ್ಣಿನ ಒಳಗೆ ಬೆಳೆಯುವ, ಚಿನ್ನದಂತೆ ತೂಗಿ ಮಾರುವ ಅಣಬೆ. ಪತ್ರಿಕೆಗಳು ಈ ಟ್ರಫಲ್ ಬಗ್ಗೆಯೇ ಪುಟಗಟ್ಟಲೆ ಬರೆದವು. ನನ್ನನ್ನು ಕೇಳಿದರೆ ಅದು ಮೇಲಿನ ಒಡವೆ. ನಿಜವಾದ ಕೆಲಸ ಇದ್ದದ್ದು ಕೆಳಗೆ, ಸೋಯಾ ಸಾಸುಗಳನ್ನು ಒಂದಕ್ಕೊಂದು ಬೆರೆಸಿ ಹದಗೊಳಿಸುವುದರಲ್ಲಿ. 2019ರ ಡಿಸೆಂಬರಿನಲ್ಲಿ ಅಂಗಡಿ ಟೋಕಿಯೊದ್ದೇ ಇನ್ನೊಂದು ಬಡಾವಣೆ ಯೊಯೊಗಿ-ಉಎಹಾರಾಕ್ಕೆ ಹೋಯಿತು. 2022ರಲ್ಲಿ ಓನಿಶಿ ತೀರಿಕೊಂಡರು. ವಯಸ್ಸು ಇನ್ನೂ 43.

ಈ ಬಟ್ಟಲನ್ನು ಸ್ವಲ್ಪ ಬಿಡಿಸಿ ನೋಡೋಣ. ರಾಮೆನ್ ಒಂದೇ ಪಾತ್ರೆಯಲ್ಲಿ ಕುದಿಸಿ ಬಡಿಸುವ ಸಾರಲ್ಲ. ಖಾಲಿ ಬಟ್ಟಲಿಗೆ ಮೊದಲು ಬೀಳುವುದು ‘ತರೆ’. ಸೋಯಾ ಸಾಸು, ಉಪ್ಪು ಅಥವಾ ಮಿಸೊ, ಅಂದರೆ ಹುದುಗು ಬರಿಸಿದ ಸೋಯಾ ಕಾಳಿನ ಮುದ್ದೆಯಿಂದ ಮಾಡಿದ ಗಟ್ಟಿ ರಸ ಅದು. ರುಚಿಗೆ ಬೇಕಾದ ಉಪ್ಪೆಲ್ಲ ಅದರಲ್ಲೇ. ಆಮೇಲೆ ಒಂದು ಚಮಚ ಪರಿಮಳದ ಎಣ್ಣೆ. ಅದರ ಮೇಲೆ ಕುದಿಯುವ ಸೂಪು. ನಂತರ ಬೆಂದ ಶಾವಿಗೆ, ಕೊನೆಗೆ ಮೇಲೋಗರ: ಹಂದಿ ಮಾಂಸದ ತೆಳು ಹೋಳು, ಹುದುಗು ಬರಿಸಿದ ಬಿದಿರ ಕಳಲೆ, ಈರುಳ್ಳಿ ಸೊಪ್ಪು, ಮೊಟ್ಟೆ. ಶಾವಿಗೆಯ ಹಿಟ್ಟಿಗೆ ‘ಕನ್ಸುಇ’ ಎಂಬ ಕ್ಷಾರದ ನೀರು ಸೇರಿಸುತ್ತಾರೆ. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆತ ನೀರು. ನಮ್ಮ ಅಜ್ಜಿಯರು ಹಪ್ಪಳದ ಹಿಟ್ಟಿಗೆ ಕಲಸುತ್ತಿದ್ದ ಪಾಪಡ್ ಖಾರ ಇದರ ಹತ್ತಿರದ ನೆಂಟ. ಈ ಕ್ಷಾರದಿಂದಲೇ ಶಾವಿಗೆಗೆ ಆ ತಿಳಿ ಹಳದಿ ಬಣ್ಣ, ಹಲ್ಲಿಗೆ ಸಿಕ್ಕರೆ ಚಿಮ್ಮುವ ಗುಣ. ಬಿಸಿ ಸೂಪಿನಲ್ಲಿ ಕೂತರೂ ಬೇಗ ಮುದ್ದೆಯಾಗುವುದಿಲ್ಲ.

ಸೂಪಿನ ಕತೆ ಇನ್ನೂ ದೊಡ್ಡದು. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಎ ಕೊಂಬು ಎಂಬ ಕಡಲ ಪಾಚಿಯಿಂದ ರುಚಿ ಕೊಡುವ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಒಣಗಿಸಿದ ಬೊನಿಟೊ ಮೀನಿನಲ್ಲಿ ಅಂಥದೇ ರುಚಿ ಕೊಡುವ ಇನೊಸಿನೇಟ್ ಗುರುತಿಸಿದರು. ಕೋಳಿಯಲ್ಲೂ ಹಂದಿಯಲ್ಲೂ ಇನೊಸಿನೇಟ್ ಇದೆ. ಗ್ಲುಟಮೇಟ್, ಇನೊಸಿನೇಟ್ ಎರಡನ್ನೂ ಬೆರೆಸಿದರೆ ಒಂದಕ್ಕೊಂದು ಕೂಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ರುಚಿ ನಾಲಿಗೆಗೆ ತಟ್ಟುತ್ತದೆ. 1996ರಲ್ಲಿ ಟೋಕಿಯೊದ ನಾಕಾನೊದಲ್ಲಿ ತೆರೆದ ‘ಆಓಬಾ’ ಮಾಂಸದ ಸೂಪನ್ನೂ ಮೀನಿನ ಸೂಪನ್ನೂ ಬೇರೆ ಬೇರೆ ಕಾಯಿಸಿ, ಬಡಿಸುವ ಹೊತ್ತಿಗೆ ಸೇರಿಸುವುದಕ್ಕೆ ಹೆಸರಾಯಿತು. ಇವತ್ತಿನ ದುಬಾರಿ ಬಟ್ಟಲುಗಳು ಆ ದಾರಿಯಲ್ಲೇ ಇನ್ನಷ್ಟು ಮುಂದೆ ಹೋದವು. ಟೋಕಿಯೊದ ಶಿಂಜುಕು ಬಡಾವಣೆಯ ‘ಕೊಂಜಿಕಿ ಹೊತೊತೊಗಿಸು’ವಿಗೆ 2019ರ ಗೈಡಿನಲ್ಲಿ ಸ್ಟಾರ್ ಬಂತು. ಅಲ್ಲಿ ಹಮಾಗುರಿ ಎಂಬ ಕಡಲ ಚಿಪ್ಪಿನ ಸೂಪೂ ಸೇರುತ್ತದೆ. ನಮ್ಮ ಕರಾವಳಿಯವರಿಗೆ ಮರುವಾಯಿಯ ರುಚಿ ಗೊತ್ತು. ಚಿಪ್ಪಿನಲ್ಲಿರುವ ಸಕ್ಸಿನಿಕ್ ಆಮ್ಲ ಸೂಪಿಗೆ ಬೇರೆಯೇ ಒಂದು ಆಳ ಕೊಡುತ್ತದೆ.

ನನಗೆ ಎಲ್ಲಕ್ಕಿಂತ ಕುತೂಹಲದ್ದು ‘ಗಿಂಜಾ ಹಾಚಿಗೊ’. ಟೋಕಿಯೊದ ದುಬಾರಿ ಬಡಾವಣೆ ಗಿಂಜಾದಲ್ಲಿ, 2022ರ ಗೈಡಿನಲ್ಲಿ ಸ್ಟಾರ್ ಪಡೆದ ಅಂಗಡಿ. ಅಡುಗೆಯವರು ಮತ್ಸುಮುರಾ ಯಾಸುಶಿ. ಬಹುಕಾಲ ಫ್ರೆಂಚ್ ಅಡುಗೆ ಮಾಡಿದವರು. ಇವರ ಬಟ್ಟಲಿನಲ್ಲಿ ತರೆಯೇ ಇಲ್ಲ! ಬೇಕಾದ ಉಪ್ಪನ್ನು ಉಪ್ಪಿನಲ್ಲಿ ಮಾಗಿಸಿದ ಹ್ಯಾಮ್‌ನಿಂದ ಸೂಪಿಗೆ ಇಳಿಸುತ್ತಾರೆ. ತರೆ ಇಲ್ಲದ ರಾಮೆನ್ ಅಂದರೆ ಹಳೆಯ ರಾಮೆನ್ ಮೇಷ್ಟ್ರುಗಳು ತಲೆ ಕೆರೆದುಕೊಳ್ಳುವ ವಿಷಯ. ಸೂಪಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೆ ತರೆ ಮುಚ್ಚಿಹಾಕುತ್ತದೆ. ಇಲ್ಲಿ ಆ ಆಸರೆಯನ್ನೇ ಬಿಟ್ಟಿದ್ದಾರೆ. ಧೈರ್ಯ ಬೇಕು.

ಇಷ್ಟೆಲ್ಲ ಹೆಸರಿರುವ ಜಾಗದಲ್ಲಿ ಊಟ ಹೇಗಿರುತ್ತದೆ? ಬಿಳಿ ಮೇಜುಬಟ್ಟೆ, ಮೆಲ್ಲಗೆ ಸಂಗೀತ, ಬಗ್ಗಿ ಕೇಳುವ ಮಾಣಿ, ಇವೆಲ್ಲ ಇರುತ್ತವೆ ಅಂತ ಹೋದರೆ ಟೋಕಿಯೊದಲ್ಲಿ ಪೆಚ್ಚಾಗುತ್ತೀರಿ. ಮೊದಲು ಹೊರಗೆ ಸಾಲು. ಒಳಗೆ ಹೋದರೆ ಗೋಡೆ ಪಕ್ಕ ಟಿಕೆಟ್ ಮೆಷಿನ್. ದುಡ್ಡು ಹಾಕಿ, ಗುಂಡಿ ಒತ್ತಿ, ಚೀಟಿ ತಗೊಂಡು ಕಟ್ಟೆಯ ಮುಂದಿನ ಎತ್ತರದ ಸ್ಟೂಲಿನಲ್ಲಿ ಕೂರಬೇಕು. ಪಕ್ಕದವರ ಮೊಣಕೈ ತಾಗುತ್ತದೆ. ಕಟ್ಟೆಯ ಆಚೆ ಅಡುಗೆಯವರು ಶಾವಿಗೆಯ ನೀರು ಬಸಿಯಲು ಬುಟ್ಟಿಯನ್ನು ಜಾಡಿಸುವ ಸದ್ದು. ಬಟ್ಟಲು ಬಂದ ಮೇಲೆ ಹರಟೆಗೆ ಪುರುಸೊತ್ತಿಲ್ಲ. ನಿಮಿಷ ಕಳೆದಂತೆ ಶಾವಿಗೆ ಸೂಪು ಹೀರಿ ಮೆತ್ತಗಾಗುತ್ತದೆ. ಸೊರ್ರೆಂದು ಸದ್ದು ಮಾಡಿ ಹೀರಿ ತಿನ್ನುವುದಕ್ಕೂ ಕಾರಣ ಇದೆ. ಗಾಳಿ ಜೊತೆಗೆ ಹೋದರೆ ಬಾಯಿ ಸುಡುವುದಿಲ್ಲ, ಪರಿಮಳ ಮೂಗಿಗೆ ಏರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಊಟ ಮುಗೀತು. ಬಟ್ಟಲನ್ನು ಕಟ್ಟೆಯ ಮೇಲಕ್ಕೆ ಎತ್ತಿಟ್ಟು ‘ಗೊಚಿಸೊಸಾಮಾ’, ಅಂದರೆ ಊಟಕ್ಕೆ ಧನ್ಯವಾದ, ಅಂತ ಹೇಳಿ ಎದ್ದರೆ ಮುಂದಿನವರು ಆಗಲೇ ಸ್ಟೂಲಿನ ಹತ್ತಿರ. ನನಗೆ ಈ ಏರ್ಪಾಡು ತುಂಬ ಇಷ್ಟ. ಕೊಟ್ಟ ದುಡ್ಡೆಲ್ಲ ಬಟ್ಟಲಿಗೇ ಹೋಗಿದೆ, ಕುರ್ಚಿಗೆ ಒಂದು ಕಾಸೂ ಹೋಗಿಲ್ಲ ಅನ್ನಿಸುತ್ತದೆ.

ಕಡಲಾಚೆ ಕತೆ ತಿರುವುಮುರುವಾಯಿತು. ಜಪಾನಿನ ಫುಕುಓಕಾ ಊರಿನಲ್ಲಿ 1985ರಲ್ಲಿ ಶುರುವಾದ ರಾಮೆನ್ ಅಂಗಡಿ ‘ಇಪ್ಪುದೊ’ 2008ರಲ್ಲಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಮೇಜು ಬಂತು, ಮಾಣಿ ಬಂದ, ಬಾರ್ ಬಂತು, ಟಿಪ್ಸೂ ಬಂತು. ಮೊದಲು ಕುಡಿಯಲು ಏನಾದರೂ, ಆಮೇಲೆ ಕುರುಕಲು, ಕೊನೆಗೆ ರಾಮೆನ್. ಎರಡು ಗಂಟೆ ಕೂತು ಮಾತಾಡುವವರೂ ಉಂಟು. ಬೆಂಗಳೂರಿನಲ್ಲಿ ಈಗಿರುವ ಹಲವು ರಾಮೆನ್ ರೆಸ್ಟೊರೆಂಟುಗಳೂ ಈ ಜಾಡಿನವೇ. ನಾಲ್ಕು ಜನ ಗೆಳೆಯರು ಸೇರಿದರೆ ಅದು ಸುಖವೇ, ಇಲ್ಲ ಅನ್ನಲ್ಲ. ಆದರೆ ಒಬ್ಬರು ಫೋಟೊ ತೆಗೆಯುವ ಹೊತ್ತಿಗೆ ಇನ್ನೊಬ್ಬರ ಶಾವಿಗೆ ಉಬ್ಬಿರುತ್ತದೆ. ಬಿಸಿ ಆರುವ ಮುಂಚೆ ತಿನ್ನಿ ಅಂತ ಮಾಣಿ ಗದರಿಸುವ ಹಾಗೂ ಇಲ್ಲ.

ಗೋಡೆಯ ವಿಷಯಕ್ಕೆ ಬರೋಣ. ಸ್ಟಾರ್ ಬಂದ ಅಂಗಡಿಗಳಿಗೆ ಸಾವಿರ ಯೆನ್ ಈಗ ದೊಡ್ಡ ಮಾತಲ್ಲ. ಮೊದಲೇ ಜಾಗ ಕಾದಿರಿಸಲು ಬೇರೆ ದುಡ್ಡು ತಗೊಳ್ಳುವ ಅಂಗಡಿಗಳೂ ಇವೆ. ಪಾಡು ಪಡುತ್ತಿರುವುದು ಗಲ್ಲಿಯ ಸಾಮಾನ್ಯ ಅಂಗಡಿ. ಗೋಧಿ, ಮಾಂಸ, ಕರೆಂಟು, ಆಳಿನ ಸಂಬಳ, ಎಲ್ಲ ಏರಿವೆ. ಬಟ್ಟಲಿನ ಬೆಲೆ ಏರಿಸಲು ಮಾತ್ರ ಕೈ ನಡುಗುತ್ತದೆ. ಅದರ ಮೇಲೆ 2024ರ ಜುಲೈನಲ್ಲಿ ಜಪಾನ್ ಹೊಸ ನೋಟುಗಳನ್ನು ಬಿಟ್ಟಿತು. ಹಳೆಯ ಟಿಕೆಟ್ ಮೆಷಿನ್‌ಗಳಿಗೆ ಹೊಸ ನೋಟು ಗುರುತೇ ಸಿಗಲಿಲ್ಲ. ಮೆಷಿನ್ ಬದಲಿಸೋಣ ಅಂದರೆ ಪುಟ್ಟ ಅಂಗಡಿಗೆ ಅದು ಭಾರಿ ಖರ್ಚು. ಆ ವರ್ಷ ಬಾಗಿಲು ಹಾಕಿದ ರಾಮೆನ್ ಅಂಗಡಿಗಳು ಕಮ್ಮಿಯೇನಲ್ಲ. ಗಿಂಜಾದ ಬಟ್ಟಲು ಎರಡು ಸಾವಿರಕ್ಕೆ ಹೋದರೆ ಹೋಗಲಿ, ಗಲ್ಲಿಯವನಿಗೆ ಒಂದು ಸಾವಿರದ ನೂರಾದರೂ ಕೇಳುವ ಧೈರ್ಯ ಅದರಿಂದ ಬಂದರೆ ಒಳ್ಳೆಯದೇ ಅಲ್ವಾ?

ಕೊನೆಗೆ ಸಸ್ಯಾಹಾರಿ ಕೇಳುಗರಿಗೆ ಎರಡು ಮಾತು. ಮೇಲಿನ ಮಾಂಸ ತೆಗೆಸಿದರೆ ಸಾಕು ಅಂದುಕೊಳ್ಳಬೇಡಿ. ಸೂಪು, ತರೆ, ಎಣ್ಣೆ, ಮೂರರಲ್ಲೂ ಕೋಳಿಯೋ ಮೀನೋ ಹಂದಿಯೋ ಇರಬಹುದು. ಸ್ಟಾರ್ ಬಂದ ಅಂಗಡಿಯಲ್ಲಂತೂ ಆ ಸೂಪೇ ಎಲ್ಲ. ಅದನ್ನು ಬದಲಿಸಿ ಕೊಡಿ ಅಂತ ಕಟ್ಟೆಯ ಮುಂದೆ ಕೂತು ಕೇಳಿ ಪ್ರಯೋಜನವಿಲ್ಲ. ‘ಆಫುರಿ’ಯ ಅಂಗಡಿಗಳಲ್ಲಿ ಪ್ರಾಣಿಜನ್ಯ ಏನೂ ಇಲ್ಲದ ರಾಮೆನ್ ಸಿಗುತ್ತದೆ. ಟೋಕಿಯೊ ರೈಲು ನಿಲ್ದಾಣದಲ್ಲಿ ‘ಟೀಸ್ ತಂತನ್’ ಇದೆ. ಎಳ್ಳಿನ ಗಟ್ಟಿ ಸೂಪು, ಹದವಾದ ಖಾರ, ನಮ್ಮ ಬಾಯಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅಂಗಡಿ ಇರುವುದು ಟಿಕೆಟ್ ಗೇಟಿನ ಒಳಗೆ. ಅಲ್ಲಿಂದ ರೈಲು ಹತ್ತುವ ದಿನವೋ ಇಳಿಯುವ ದಿನವೋ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ನಮಸ್ಕಾರ.